ಮನಸ್ಸು ಬಾಡಿದರೆ ಮಿದುಳಿಗೆ ಅಕಾಲ ಮುಪ್ಪು?

‘ಚಿಂತೆಯೇ ಮುಪ್ಪು, ಸಂತೋಷವೇ ಯೌವನ’ ಎಂಬ ಗಾದೆಯನ್ನು ಕೇಳದೆ ಬೆಳೆದವರು ಕನ್ನಡನಾಡಿನಲ್ಲಿ ವಿರಳ. ಮಗಳ ಮದುವೆಯ ಯೋಚನೆಯಲ್ಲಿಯೇ ಯಜಮಾನರ ತಲೆ ನರೆಯಿತೆಂದೋ, ಕೋರ್ಟಿನ ವ್ಯಾಜ್ಯ ಮುಗಿಯುವ ಹೊತ್ತಿಗೆ ಮನುಷ್ಯ ಹತ್ತು ವರ್ಷ ಇಳಿದುಹೋದನೆಂದೋ ಹೇಳುವುದು ವಾಡಿಕೆಯ ಮಾತು. ಹಿರಿಯರ ಈ ಅನುಭವೋಕ್ತಿಯನ್ನು ತೂಗಿ ಅಳೆದು ನೋಡುವ ಸಾಧನ ವೈದ್ಯಶಾಸ್ತ್ರದ ಕೈಯಲ್ಲಿ ಬಹುಕಾಲ ಇರಲಿಲ್ಲ. ಮನಸ್ಸಿನ ವ್ಯಥೆ ಕಣ್ಣಿಗೆ ಕಾಣದು. ಮಿದುಳನ್ನು ನೋಡಬೇಕಾದರೆ ಮನುಷ್ಯ ಸತ್ತಿರಬೇಕಾಗಿತ್ತು. ತಲೆಬುರುಡೆಯನ್ನು ತೆರೆಯದೆಯೇ ಒಳಗಿನ ಅವಯವದ ಸ್ಫುಟವಾದ ಚಿತ್ರವನ್ನು ಕೊಡುವ ಎಂ.ಆರ್.ಐ. ಯಂತ್ರ ಬಂದ ಮೇಲೆ ಈ ತೊಡಕು ನಿವಾರಣೆಯಾಯಿತು. ಕಳೆದ ಮೂವತ್ತು ವರ್ಷಗಳಲ್ಲಿ ಆ ಯಂತ್ರವು ತೋರಿಸಿಕೊಟ್ಟಿರುವ ಸಂಗತಿಗಳು ಗಾದೆಯನ್ನು ಅರ್ಧ ಸಮರ್ಥಿಸುತ್ತವೆ, ಇನ್ನರ್ಧ ತಿದ್ದುತ್ತವೆ.

ದುಃಖ ಬೇರೆ, ರೋಗ ಬೇರೆ

ಗಾದೆಯ ಚಿಂತೆಗೂ ವೈದ್ಯರು ಹೇಳುವ ಖಿನ್ನತೆಗೂ ಇರುವ ಅಂತರವನ್ನು ಮೊದಲು ತಿಳಿಯುವುದು ಅವಶ್ಯ. ಆಪ್ತರು ಅಗಲಿದಾಗ ಕಣ್ಣೀರು ಸುರಿಯುವುದು, ಪರೀಕ್ಷೆಯಲ್ಲಿ ತಪ್ಪಿದ ಹುಡುಗ ಎರಡು ದಿನ ಊಟ ಬಿಡುವುದು ಮನುಷ್ಯಸಹಜವಾದ ದುಃಖ. ಅದಕ್ಕೆ ಕಾಲವೇ ಮದ್ದು. ಖಿನ್ನತೆಯ ಲಕ್ಷಣ ಹಾಗಲ್ಲ. ಮನಸ್ಸು ಕುಸಿದಿರುವುದು ಅಥವಾ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ಈ ಎರಡರಲ್ಲಿ ಒಂದಾದರೂ ಕನಿಷ್ಠಪಕ್ಷ ಎರಡು ವಾರಗಳ ಕಾಲ ದಿನದ ಬಹುಭಾಗ ಬಿಡದೆ ಕಾಡಬೇಕು. ಅದರೊಡನೆ ನಿದ್ರೆ ಕೆಡುವುದು, ಹಸಿವು ಇಂಗುವುದು, ಮೈ ಭಾರವಾಗುವುದು, ಮಾತು ನಡಿಗೆಗಳು ನಿಧಾನವಾಗುವುದು, ಗಮನ ಒಂದೆಡೆ ನಿಲ್ಲದಿರುವುದು, ತಾನು ಯಾರಿಗೂ ಬೇಡವಾದವನೆಂಬ ಭಾವ, ಬದುಕೇ ಸಾಕೆಂಬ ಯೋಚನೆ, ಇಂತಹ ಹಲವು ಚಿಹ್ನೆಗಳು ಕೂಡಿದಾಗ ವೈದ್ಯರು ಅದನ್ನು ರೋಗವೆಂದು ನಿರ್ಣಯಿಸುತ್ತಾರೆ.

ಈ ರೋಗಕ್ಕೆ ತುತ್ತಾದವರು ‘ಸಂತೋಷವಾಗಿರಿ’ ಎಂಬ ಉಪದೇಶದಿಂದ ಗುಣಹೊಂದುವುದಿಲ್ಲ. ಕಾಲು ಮುರಿದವನಿಗೆ ‘ಎದ್ದು ನಡೆ’ ಎಂದಂತೆಯೇ ಅದು. ಪುರುಷರಿಗಿಂತ ಸ್ತ್ರೀಯರಲ್ಲಿ ಈ ರೋಗ ಸುಮಾರು ಇಮ್ಮಡಿ ಎಂಬುದು ಹಲವು ದೇಶಗಳಲ್ಲಿ ಕಂಡುಬಂದಿರುವ ಸಂಗತಿ. ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಿದ್ದ ಗೃಹಿಣಿ ವಾರಗಟ್ಟಲೆ ಒಲೆಯ ಮುಂದೆ ಮಂಕಾಗಿ ಕುಳಿತರೆ ‘ಮೈಗಳ್ಳತನ’ ಎಂಬ ಹೆಸರು ಸುಲಭವಾಗಿ ಬರುತ್ತದೆ. ರೋಗವಿರಬಹುದೆಂಬ ಅನುಮಾನ ಮಾತ್ರ ಬಹಳ ತಡವಾಗಿ ಬರುತ್ತದೆ.

ನೆನಪಿನ ಕಡಲಕುದುರೆ

ಮಿದುಳಿನ ಒಳಭಾಗದಲ್ಲಿ, ಕಿವಿಗಳ ಮಟ್ಟದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ ಸುರುಳಿಯಾದ ಪುಟ್ಟ ಭಾಗಗಳಿವೆ. ೧೫೮೭ರಲ್ಲಿ ಇಟಲಿಯ ಬೊಲೋನಾ ನಗರದ ಅಂಗರಚನಾಶಾಸ್ತ್ರಜ್ಞ ಅರಾಂಜಿಗೆ ಇದರ ಆಕಾರ ಕಡಲಕುದುರೆಯಂತೆ ತೋರಿದ್ದರಿಂದ ಹಿಪೊಕ್ಯಾಂಪಸ್ ಎಂಬ ಹೆಸರು ಬಂದಿತು. ಹೊಸ ನೆನಪುಗಳನ್ನು ಕಟ್ಟುವ ಕಮ್ಮಟ ಇದು. ೧೯೫೩ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಹೆನ್ರಿ ಮೊಲೈಸನ್ ಎಂಬ ಯುವಕನ ಮೂರ್ಛೆರೋಗವನ್ನು ಗುಣಪಡಿಸಲೆಂದು ಶಸ್ತ್ರವೈದ್ಯರು ಎರಡೂ ಪಕ್ಕದ ಈ ಭಾಗವನ್ನು ಬಹುಮಟ್ಟಿಗೆ ಕತ್ತರಿಸಿ ತೆಗೆದರು. ಅಂದಿನಿಂದ ೨೦೦೮ರಲ್ಲಿ ಸಾಯುವವರೆಗೆ ಆತನಿಗೆ ಹೊಸದಾಗಿ ಯಾವ ಘಟನೆಯೂ ನೆನಪಿನಲ್ಲಿ ಉಳಿಯಲಿಲ್ಲ. ಬಾಲ್ಯದ ಸಂಗತಿಗಳು ಸ್ಪಷ್ಟ; ಈಗ ತಾನೆ ಮಾತನಾಡಿ ಹೊರಗೆ ಹೋದವರು ಮರಳಿ ಬಂದರೆ ಅಪರಿಚಿತರು.

ಮುಪ್ಪು ಬಂದಂತೆ ಈ ಭಾಗವು ಕುಗ್ಗುವುದು ಸ್ವಾಭಾವಿಕ. ಇಳಿವಯಸ್ಸಿನಲ್ಲಿ ಅದು ವರ್ಷಕ್ಕೆ ಶೇಕಡಾ ಒಂದರಿಂದ ಎರಡರಷ್ಟು ಸವೆಯುತ್ತದೆಂದು ಅಂದಾಜು. ಆದರೆ ೧೯೯೬ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಇವೆಟ್ ಶೆಲೈನ್ ಮತ್ತು ಸಂಗಡಿಗರು ನಡೆಸಿದ ಒಂದು ಸಣ್ಣ ಪರಿಶೀಲನೆ ತಜ್ಞರನ್ನು ಬೆಚ್ಚಿಸಿತು. ಹಿಂದೆ ಮತ್ತೆಮತ್ತೆ ಖಿನ್ನತೆಗೆ ಒಳಗಾಗಿ, ಪರೀಕ್ಷೆಯ ವೇಳೆಗೆ ಗುಣಹೊಂದಿದ್ದ ಹತ್ತು ಮಂದಿ ಸ್ತ್ರೀಯರನ್ನು ಅದೇ ವಯಸ್ಸಿನ ಹತ್ತು ಮಂದಿ ಆರೋಗ್ಯವಂತರೊಡನೆ ಹೋಲಿಸಿದಾಗ, ಮೊದಲಿನವರ ಹಿಪೊಕ್ಯಾಂಪಸ್ ಚಿಕ್ಕದಾಗಿತ್ತು. ಜೀವಮಾನದಲ್ಲಿ ಖಿನ್ನತೆಯಲ್ಲಿ ಕಳೆದ ದಿನಗಳು ಹೆಚ್ಚಿದಷ್ಟೂ ಗಾತ್ರ ಕಡಮೆಯಾಗಿತ್ತು. ೧೯೯೯ರಲ್ಲಿ ಹೆಚ್ಚು ಮಂದಿಯನ್ನು ಪರೀಕ್ಷಿಸಿದಾಗಲೂ ಗಾತ್ರವನ್ನು ನಿರ್ಧರಿಸಿದ್ದು ಅವರ ವಯಸ್ಸಲ್ಲ, ರೋಗದಲ್ಲಿ ಕಳೆದ ಅವಧಿ.

೨೦೦೩ರಲ್ಲಿ ಅದೇ ತಂಡವು ೩೮ ಮಂದಿ ಸ್ತ್ರೀಯರ ಜೀವನವೃತ್ತಾಂತವನ್ನು ಕೆದಕಿ, ಚಿಕಿತ್ಸೆಯಿಲ್ಲದೆ ಖಿನ್ನತೆಯಲ್ಲಿ ಕಳೆದ ದಿನಗಳನ್ನೂ ಚಿಕಿತ್ಸೆ ನಡೆಯುತ್ತಿದ್ದ ದಿನಗಳನ್ನೂ ಬೇರೆಬೇರೆಯಾಗಿ ಎಣಿಸಿತು. ಚಿಕಿತ್ಸೆಯಿಲ್ಲದ ದಿನಗಳು ಹೆಚ್ಚಿದಷ್ಟೂ ಆ ಭಾಗ ಚಿಕ್ಕದಾಗಿತ್ತು. ಔಷಧ ಸೇವಿಸುತ್ತಿದ್ದ ದಿನಗಳಿಗೂ ಗಾತ್ರಕ್ಕೂ ಅಂತಹ ಸಂಬಂಧವಿರಲಿಲ್ಲ. ಸಂಖ್ಯೆ ಅಲ್ಪವಾದರೂ ಈ ಲೆಕ್ಕದ ತಾತ್ಪರ್ಯ ಪ್ರತಿಯೊಂದು ಕುಟುಂಬಕ್ಕೂ ಸಂಬಂಧಿಸಿದ್ದು. ರೋಗ ಬಂದುದಕ್ಕಿಂತಲೂ ಅದನ್ನು ಕೇಳುವವರಿಲ್ಲದೆ ಬಿಟ್ಟುದೇ ಹೆಚ್ಚಿನ ನಷ್ಟಕ್ಕೆ ಕಾರಣವಾಗಿರಬಹುದು.

ಮುಂದೆ ಹಲವು ದೇಶಗಳ ವಿಜ್ಞಾನಿಗಳು ತಮ್ಮತಮ್ಮಲ್ಲಿದ್ದ ಚಿತ್ರಗಳನ್ನು ಒಟ್ಟುಗೂಡಿಸಿದರು. ೧,೭೨೮ ರೋಗಿಗಳನ್ನೂ ೭,೧೯೯ ಆರೋಗ್ಯವಂತರನ್ನೂ ಹೋಲಿಸಿದ ಈ ವರದಿ ೨೦೧೬ರಲ್ಲಿ ಅಚ್ಚಾಯಿತು. ಸರಾಸರಿಯಲ್ಲಿ ರೋಗಿಗಳ ಹಿಪೊಕ್ಯಾಂಪಸ್ ಶೇಕಡಾ ಒಂದಕ್ಕಿಂತ ತುಸು ಹೆಚ್ಚು ಚಿಕ್ಕದಾಗಿತ್ತು. ಮೊದಲ ಸಲ ಖಿನ್ನತೆಗೆ ಒಳಗಾದವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ರೋಗ ಮರುಕಳಿಸಿದವರಲ್ಲಿ ಕಂಡಿತು.

ಮಿದುಳಿಗೂ ಒಂದು ಜಾತಕ

ಒಬ್ಬ ವ್ಯಕ್ತಿಯ ವಯಸ್ಸು ನಲವತ್ತಾದರೆ ಆತನ ಮಿದುಳಿನ ವಯಸ್ಸೂ ನಲವತ್ತೇ ಇರಬೇಕೆಂಬ ನಿಯಮವಿಲ್ಲ. ಜರ್ಮನಿಯ ಯೆನಾ ವಿಶ್ವವಿದ್ಯಾಲಯದ ಕಾಟ್ಯಾ ಫ್ರಾಂಕೆ ಮತ್ತು ಕ್ರಿಸ್ಟಿಯನ್ ಗಾಸರ್ ೨೦೧೦ರಲ್ಲಿ ಈ ಅಂತರವನ್ನು ಅಳೆಯುವ ಒಂದು ಯುಕ್ತಿಯನ್ನು ವಿವರಿಸಿದರು. ನೂರಾರು ಆರೋಗ್ಯವಂತರ ಮಿದುಳಿನ ಚಿತ್ರಗಳನ್ನೂ ಅವರವರ ವಯಸ್ಸನ್ನೂ ಕಂಪ್ಯೂಟರಿಗೆ ಉಣಿಸಬೇಕು. ಯಾವ ವಯಸ್ಸಿಗೆ ಮಿದುಳು ಹೇಗಿರುತ್ತದೆಂಬುದನ್ನು ಅದು ಕಲಿಯುತ್ತದೆ. ಬಳಿಕ ಹೊಸಬರ ಚಿತ್ರವನ್ನು ಮಾತ್ರ ತೋರಿಸಿದರೆ ಅವರ ವಯಸ್ಸನ್ನು ಊಹಿಸಿ ಹೇಳುತ್ತದೆ. ಊಹೆಯು ನಿಜವಯಸ್ಸಿಗಿಂತ ಹೆಚ್ಚಾಗಿ ಬಂದರೆ ಮಿದುಳು ಕಾಲಕ್ಕೆ ಮುಂಚೆ ಹಣ್ಣಾಗಿದೆಯೆಂದು ಭಾವನೆ.

೨೦೧೪ರಲ್ಲಿ ಮ್ಯೂನಿಕ್ ನಗರದ ಸಂಶೋಧಕರು ಈ ವಿಧಾನದಿಂದ ಖಿನ್ನತೆಯ ರೋಗಿಗಳನ್ನು ಪರೀಕ್ಷಿಸಿದಾಗ ಅಂತರ ಸುಮಾರು ನಾಲ್ಕು ವರ್ಷಗಳೆಂದು ಬಂದಿತು. ೨೦೨೦ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಪರಿಶೀಲನೆ ಇದಕ್ಕಿಂತ ಬಹಳ ದೊಡ್ಡದು. ಅದರಲ್ಲಿ ೨,೬೭೫ ರೋಗಿಗಳೂ ೨,೧೨೬ ಆರೋಗ್ಯವಂತರೂ ಇದ್ದರು. ಅಂತರ ಒಂದು ವರ್ಷಕ್ಕೆ ಇಳಿಯಿತು. ನಿಖರವಾಗಿ ಹೇಳುವುದಾದರೆ ೧.೦೮ ವರ್ಷ. ಸಣ್ಣ ಗುಂಪಿನಲ್ಲಿ ದೊಡ್ಡದಾಗಿ ಕಂಡದ್ದು ದೊಡ್ಡ ಗುಂಪಿನಲ್ಲಿ ಚಿಕ್ಕದಾಗುವುದು ವಿಜ್ಞಾನದಲ್ಲಿ ಹೊಸದಲ್ಲ. ಹಾಗೆ ಚಿಕ್ಕದಾದರೂ ಅಂತರವು ಅಳಿಸಿಹೋಗಲಿಲ್ಲವೆಂಬುದೇ ಇಲ್ಲಿಯ ವಿಶೇಷ.

ಈ ಒಂದು ವರ್ಷವೆಂಬುದು ಸರಾಸರಿಯ ಮಾತು. ಸಾವಿರಾರು ಮಂದಿಯನ್ನು ಒಟ್ಟಿಗೆ ನೋಡಿದಾಗ ಮಾತ್ರ ಹೊರಬೀಳುವ ಸೂಕ್ಷ್ಮ ವ್ಯತ್ಯಾಸವದು. ಖಿನ್ನತೆಯಿಂದ ನರಳಿದ ಎಷ್ಟೋ ಮಂದಿಯ ಮಿದುಳು ಅವರ ವಯಸ್ಸಿಗಿಂತ ಎಳೆಯದಾಗಿಯೂ, ಎಂದೂ ನರಳದ ಎಷ್ಟೋ ಮಂದಿಯ ಮಿದುಳು ಮುದಿಯಾಗಿಯೂ ಕಂಡದ್ದುಂಟು. ಮೇಲಾಗಿ, ಈ ಪರಿಶೀಲನೆಯಲ್ಲಿ ರೋಗದ ತೀವ್ರತೆಗೂ ವಯಸ್ಸಿನ ಅಂತರಕ್ಕೂ ಸ್ಪಷ್ಟ ಸಂಬಂಧ ದೊರೆಯಲಿಲ್ಲ. ಆದುದರಿಂದ ಒಬ್ಬ ರೋಗಿಯ ಚಿತ್ರವನ್ನು ಹಿಡಿದು ಆತನ ಭವಿಷ್ಯವನ್ನು ನುಡಿಯುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ.

ಒಳಗೆ ನಡೆಯುವುದೇನು?

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಸ್ರವಿಸುತ್ತವೆ. ಅಪಾಯ ಎದುರಾದಾಗ ದೇಹವನ್ನು ಸನ್ನದ್ಧಗೊಳಿಸುವ ಆಳು ಅದು. ಬೆಳಿಗ್ಗೆ ಏರಿ ರಾತ್ರಿಗೆ ಇಳಿಯುವುದು ಅದರ ದಿನಚರಿ. ೧೯೬೮ರಲ್ಲಿ ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್ಯುಯೆನ್ ಮತ್ತು ಸಹೋದ್ಯೋಗಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ, ಇದೇ ಜಾತಿಯ ರಸವನ್ನು ಮಿದುಳಿನಲ್ಲಿ ಹೆಚ್ಚಾಗಿ ಹಿಡಿದಿಟ್ಟುಕೊಳ್ಳುವುದು ಹಿಪೊಕ್ಯಾಂಪಸ್ ಎಂದು ತೋರಿಸಿದರು. ಇಲಿಗಳನ್ನು ಬಹುದಿನ ಒತ್ತಡಕ್ಕೆ ಗುರಿಪಡಿಸಿದಾಗ ಅಲ್ಲಿಯ ನರಕೋಶಗಳ ಕವಲುಗಳು, ನೀರಿಲ್ಲದ ಗಿಡದ ರೆಂಬೆಗಳಂತೆ, ಮೊಟಕಾಗುತ್ತವೆಂದು ಮುಂದೆ ತಿಳಿದುಬಂದಿತು. ಒತ್ತಡ ನಿಂತ ಮೇಲೆ ಅವು ಮತ್ತೆ ಚಿಗುರಿದುದೂ ಕಂಡಿತು.

ಕಾರ್ಟಿಸಾಲ್ ಸಾಕೆಂದು ಗ್ರಂಥಿಗಳಿಗೆ ಸೂಚನೆ ಹೋಗುವುದರಲ್ಲಿ ಹಿಪೊಕ್ಯಾಂಪಸಿನ ಪಾತ್ರವೂ ಉಂಟು. ಕಾವಲುಗಾರನೇ ಸೊರಗಿದರೆ ಕಡಿವಾಣ ಸಡಿಲವಾಗಿ ರಸ ಇನ್ನಷ್ಟು ಹರಿಯುತ್ತದೆ. ರಸ ಹರಿದಷ್ಟೂ ಕಾವಲುಗಾರ ಸೊರಗುತ್ತಾನೆ. ಗ್ರಂಥಿಗಳ ದೋಷದಿಂದ ಈ ರಸ ಮಿತಿಮೀರುವ ಕುಷಿಂಗ್ ರೋಗಿಗಳಲ್ಲಿ, ಚಿಕಿತ್ಸೆಯಿಂದ ರಸ ತಗ್ಗಿದ ಬಳಿಕ ಹಿಪೊಕ್ಯಾಂಪಸ್ ಮತ್ತೆ ಹಿಗ್ಗಿದುದನ್ನು ೧೯೯೯ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ವರದಿ ಮಾಡಿದರು. ಆದರೆ ಖಿನ್ನತೆಯಿಂದ ನರಳುವ ಎಲ್ಲರಲ್ಲಿಯೂ ಕಾರ್ಟಿಸಾಲ್ ಹೆಚ್ಚಿರುವುದಿಲ್ಲ. ಕೆಲವರಲ್ಲಿ ದೇಹದೊಳಗಿನ ಮಂದವಾದ ಉರಿಯೂತ, ಕೆಲವರಲ್ಲಿ ಮಿದುಳಿನ ಸೂಕ್ಷ್ಮ ರಕ್ತನಾಳಗಳ ಕಾಯಿಲೆ, ಹಲವರಲ್ಲಿ ಕೆಟ್ಟ ನಿದ್ರೆ, ನಿಂತುಹೋದ ಓಡಾಟ, ಕಡಿದುಹೋದ ಸ್ನೇಹಸಂಪರ್ಕ, ಇವೆಲ್ಲ ಸೇರಿಕೊಳ್ಳುತ್ತವೆ. ೨೦೧೯ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡವು ಜೀವಂತ ಮನುಷ್ಯರ ಮಿದುಳಿನಲ್ಲಿ ನರಕೋಶಗಳು ಒಂದನ್ನೊಂದು ಸಂಧಿಸುವ ತಾಣಗಳನ್ನು ಅಳೆದು, ಖಿನ್ನತೆ ತೀವ್ರವಾದಷ್ಟೂ ಆ ಸಂಧಿಗಳು ವಿರಳವೆಂದು ಕಂಡಿತು.

ಬೀಜ ಮೊದಲೋ, ವೃಕ್ಷ ಮೊದಲೋ?

ಖಿನ್ನತೆ ಮಿದುಳನ್ನು ಸವೆಸುವುದೋ, ಸವೆಯುತ್ತಿರುವ ಮಿದುಳೇ ಖಿನ್ನತೆಯನ್ನು ಹುಟ್ಟಿಸುವುದೋ? ಈ ಪ್ರಶ್ನೆಗೆ ಉತ್ತರ ಸರಳವಾಗಿಲ್ಲ. ಲಂಡನ್ನಿನ ಸರಕಾರಿ ನೌಕರರ ಆರೋಗ್ಯವನ್ನು ೧೯೮೫ರಿಂದ ಗಮನಿಸುತ್ತ ಬಂದ ಪ್ರಸಿದ್ಧ ಅಧ್ಯಯನವೊಂದರ ಫಲಿತಾಂಶ ೨೦೧೭ರಲ್ಲಿ ಹೊರಬಂದಿತು. ಮುಂದೆ ಬುದ್ಧಿಭ್ರಮಣೆಯ ಕಾಯಿಲೆಯಾದ ಡಿಮೆನ್ಶಿಯಾಕ್ಕೆ ತುತ್ತಾದವರಲ್ಲಿ ಇಪ್ಪತ್ತೆರಡು ವರ್ಷ ಹಿಂದೆ ಖಿನ್ನತೆಯೇನೂ ಹೆಚ್ಚಾಗಿರಲಿಲ್ಲ. ಕಾಯಿಲೆಗೆ ಸುಮಾರು ಹನ್ನೊಂದು ವರ್ಷ ಮುಂಚಿನಿಂದ ಅದು ಏರತೊಡಗಿತ್ತು. ಅಂದರೆ, ಇಳಿವಯಸ್ಸಿನಲ್ಲಿ ಮೊದಲ ಸಲ ತೋರುವ ಖಿನ್ನತೆ ಕೆಲವರಲ್ಲಿ ಮಿದುಳಿನ ಕಾಯಿಲೆಯ ಮುಂಗಾಳಿಯಾಗಿರಬಹುದು.

ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಡೆನ್ಮಾರ್ಕ್ ಪ್ರಜೆಗಳ ದಾಖಲೆಗಳನ್ನು ಆಧರಿಸಿ ೨೦೨೩ರಲ್ಲಿ ಬಂದ ವರದಿ ಇನ್ನೊಂದು ಮುಖವನ್ನು ತೋರಿಸಿತು. ಖಿನ್ನತೆಯೆಂದು ವೈದ್ಯರು ಗುರುತಿಸಿದ್ದವರಲ್ಲಿ ಡಿಮೆನ್ಶಿಯಾದ ಸಂಭವ ಇತರರಿಗಿಂತ ಇಮ್ಮಡಿಗೂ ಮೀರಿತ್ತು. ಖಿನ್ನತೆ ಯೌವನದಲ್ಲಿ ಬಂದಿದ್ದರೂ ಇದು ತಪ್ಪಲಿಲ್ಲ. ಹಾಗೆಂದು ಹೆದರಬೇಕಾಗಿಲ್ಲ. ಆ ಅಧ್ಯಯನದ ಅವಧಿಯಲ್ಲಿ ಡಿಮೆನ್ಶಿಯಾಕ್ಕೆ ಗುರಿಯಾದವರು ಖಿನ್ನತೆಯಿದ್ದ ನೂರು ಮಂದಿಯಲ್ಲಿ ಆರಕ್ಕಿಂತ ಕಡಮೆ. ಉಳಿದ ತೊಂಬತ್ತನಾಲ್ಕು ಮಂದಿಯ ಪಾಲಿಗೆ ಆ ದಿನ ಬಂದಿರಲಿಲ್ಲ.

ಅರಳುಮರಳಿನ ವೇಷ

ಇದೆಲ್ಲಕ್ಕಿಂತ ಹತ್ತಿರದ ಅಪಾಯವೊಂದು ಮನೆಮನೆಗಳಲ್ಲಿದೆ. ನಿವೃತ್ತರಾದ ಗೃಹಸ್ಥರು ಮೊದಮೊದಲು ಪತ್ರಿಕೆ ಓದುವುದನ್ನು ಬಿಡುತ್ತಾರೆ. ಬ್ಯಾಂಕಿನ ಲೆಕ್ಕ ತಪ್ಪುತ್ತದೆ, ಮೊಮ್ಮಗನ ಹೆಸರು ನಾಲಿಗೆಯ ತುದಿಯಲ್ಲಿಯೇ ಉಳಿಯುತ್ತದೆ. ‘ಮಾವನವರಿಗೆ ವಯಸ್ಸಾಯಿತು’ ಎಂದು ಸೊಸೆ ಕನಿಕರದಿಂದ ಹೇಳುತ್ತಾಳೆ. ಅರವತ್ತಕ್ಕೆ ಅರಳುಮರಳೆಂಬ ಗಾದೆ ಹೇಗೂ ಸಿದ್ಧವಾಗಿದೆ. ಆದರೆ ಈ ಮರೆವು ಮುಪ್ಪಿನದಾಗಿರದೆ ಖಿನ್ನತೆಯದಾಗಿರಬಹುದು. ಇಂತಹ ಹುಸಿ ಡಿಮೆನ್ಶಿಯಾವನ್ನು ಲೆಸ್ಲಿ ಕಿಲೋ ಎಂಬ ಮನೋವೈದ್ಯರು ೧೯೬೧ರಷ್ಟು ಹಿಂದೆಯೇ ವಿವರಿಸಿ ಬರೆದರು.

ಎರಡನ್ನೂ ಬೇರ್ಪಡಿಸಲು ಅನುಭವಿ ವೈದ್ಯರಿಗೆ ಕೆಲವು ಸುಳಿವುಗಳುಂಟು. ನಿಜವಾದ ಡಿಮೆನ್ಶಿಯಾ ವರ್ಷಗಳ ಕಾಲ ಸದ್ದಿಲ್ಲದೆ ಬೆಳೆಯುತ್ತದೆ. ಖಿನ್ನತೆಯ ಮರೆವು ವಾರ ತಿಂಗಳುಗಳಲ್ಲಿ ಎದ್ದು ಕಾಣುತ್ತದೆ. ಮೊದಲಿನವರು ಮರೆವನ್ನು ಮುಚ್ಚಿಕೊಂಡು ಏನಾದರೊಂದು ಉತ್ತರ ಹೇಳುತ್ತಾರೆ. ಎರಡನೆಯವರು ‘ನನಗೆ ಗೊತ್ತಿಲ್ಲ, ನನ್ನ ತಲೆ ಹೋಯಿತು’ ಎಂದು ತಾವಾಗಿಯೇ ಗೋಳಿಡುತ್ತಾರೆ. ಈ ಸುಳಿವುಗಳು ಅಂತಿಮ ನಿರ್ಣಯವಲ್ಲ. ಥೈರಾಯ್ಡ್ ದೋಷ, ಬಿ೧೨ ಜೀವಸತ್ವದ ಅಭಾವಗಳೂ ಇದೇ ರೂಪ ತಾಳಬಲ್ಲವಾದ್ದರಿಂದ ರಕ್ತಪರೀಕ್ಷೆ ಅವಶ್ಯ. ಖಿನ್ನತೆಯೆಂದು ಖಚಿತವಾಗಿ ಚಿಕಿತ್ಸೆ ದೊರೆತಾಗ ಎಷ್ಟೋ ಮಂದಿ ಹಿರಿಯರ ನೆನಪು ಮರಳುತ್ತದೆ. ಆದರೆ ಅವರಲ್ಲಿ ಕೆಲವರು ಮುಂದೆ ನಿಜವಾದ ಡಿಮೆನ್ಶಿಯಾದತ್ತ ಸಾಗುವುದುಂಟಾದ್ದರಿಂದ ವೈದ್ಯರ ಕಣ್ಣು ಅವರ ಮೇಲಿರುವುದು ಲೇಸು.

ಕೈಯಲ್ಲಿರುವ ಉಪಾಯಗಳು

೧೯೫೮ರ ಒಂದು ವಾರದಲ್ಲಿ ಬ್ರಿಟನ್ನಿನಲ್ಲಿ ಜನಿಸಿದ ಮಕ್ಕಳನ್ನು ಜೀವನಪರ್ಯಂತ ಹಿಂಬಾಲಿಸುತ್ತಿರುವ ಅಧ್ಯಯನವೊಂದಿದೆ. ಅವರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿಯ ವಿವರಗಳನ್ನು ಸಸೆಕ್ಸ್ ವಿಶ್ವವಿದ್ಯಾಲಯದವರು ಪರಿಶೀಲಿಸಿ ೨೦೧೯ರಲ್ಲಿ ಪ್ರಕಟಿಸಿದರು. ಇಪ್ಪತ್ತು, ಮೂವತ್ತು, ನಲವತ್ತರ ವಯಸ್ಸುಗಳಲ್ಲಿ ಮತ್ತೆಮತ್ತೆ ಖಿನ್ನತೆ, ಉದ್ವೇಗಗಳಿಗೆ ಸಿಲುಕಿದವರ ಸ್ಮರಣಶಕ್ತಿ ಐವತ್ತರ ವೇಳೆಗೆ ಕುಂದಿತ್ತು. ಒಂದೇ ಸಲ ಸಿಲುಕಿ ಪಾರಾದವರಲ್ಲಿ ಹಾನಿ ಅತ್ಯಲ್ಪ. ಮೊದಲ ಸಲದ ರೋಗವನ್ನು ಪೂರ್ಣವಾಗಿ ಗುಣಪಡಿಸಿ, ಮರುಕಳಿಸದಂತೆ ನೋಡಿಕೊಳ್ಳುವುದರ ಮಹತ್ವ ಇದರಿಂದ ವಿದಿತವಾಗುತ್ತದೆ.

ಚಿಕಿತ್ಸೆ ಎರಡು ಬಗೆ. ಔಷಧಗಳು ಒಂದು, ತರಬೇತಿ ಪಡೆದವರು ಕ್ರಮಬದ್ಧವಾಗಿ ಮಾತನಾಡಿಸಿ ಯೋಚನೆಯ ಹಾದಿಯನ್ನು ತಿದ್ದುವ ಮನೋಚಿಕಿತ್ಸೆ ಮತ್ತೊಂದು. ಖಿನ್ನತೆಯ ಔಷಧ ನಿದ್ರೆಯ ಗುಳಿಗೆಯಲ್ಲ. ಅದರ ಗುಣ ಕಾಣಲು ಕೆಲವು ವಾರಗಳು ಬೇಕು. ‘ಹತ್ತು ದಿನ ನುಂಗಿದೆ, ಏನೂ ಆಗಲಿಲ್ಲ’ ಎಂದು ಬಿಡುವುದೂ, ‘ಈಗ ಚೆನ್ನಾಗಿದ್ದೇನೆ’ ಎಂದು ವೈದ್ಯರನ್ನು ಕೇಳದೆ ಒಮ್ಮೆಗೇ ನಿಲ್ಲಿಸುವುದೂ ಸಮಾನವಾದ ತಪ್ಪುಗಳು.

ನಡಿಗೆಯೂ ಅಲಕ್ಷ್ಯಕ್ಕೆ ಯೋಗ್ಯವಲ್ಲ. ಅಮೆರಿಕದಲ್ಲಿ ೧೨೦ ಮಂದಿ ವೃದ್ಧರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಮೂರು ದಿನ ಬಿರುಸಾದ ನಡಿಗೆಯನ್ನೂ ಇನ್ನೊಂದಕ್ಕೆ ಮೈ ಸಡಿಲಿಸುವ ವ್ಯಾಯಾಮವನ್ನೂ ವಿಧಿಸಿದರು. ೨೦೧೧ರಲ್ಲಿ ಬಂದ ವರದಿಯಂತೆ, ಒಂದು ವರ್ಷದಲ್ಲಿ ನಡೆದವರ ಹಿಪೊಕ್ಯಾಂಪಸ್ ಶೇಕಡಾ ಎರಡರಷ್ಟು ಬೆಳೆದಿತ್ತು; ಉಳಿದವರದು ಶೇಕಡಾ ೧.೪ರಷ್ಟು ಕುಗ್ಗಿತ್ತು. ಅವರು ಖಿನ್ನತೆಯ ರೋಗಿಗಳಾಗಿರಲಿಲ್ಲವಾದರೂ, ಮುದಿ ಮಿದುಳಿಗೂ ಚಿಗುರುವ ಶಕ್ತಿ ಉಂಟೆಂಬುದು ಸಮಾಧಾನದ ವಿಷಯ. ಲ್ಯಾನ್ಸೆಟ್ ಪತ್ರಿಕೆಯ ತಜ್ಞಮಂಡಲಿಯು ೨೦೨೪ರಲ್ಲಿ ಡಿಮೆನ್ಶಿಯಾವನ್ನು ತಡೆಯಲು ಗಮನಿಸಬೇಕಾದ ಹದಿನಾಲ್ಕು ಅಂಶಗಳನ್ನು ಪಟ್ಟಿಮಾಡಿತು. ರಕ್ತದೊತ್ತಡ, ಮಧುಮೇಹ, ಧೂಮಪಾನ, ಕಿವುಡುತನಗಳ ಸಾಲಿನಲ್ಲಿ ಖಿನ್ನತೆಯೂ ಇದೆ.

ಕೋಲಾರದ ಸೀಮೆಯಲ್ಲಿ

ಈ ಅಳತೆಗಳೆಲ್ಲ ಬಹುಮಟ್ಟಿಗೆ ಪಾಶ್ಚಾತ್ಯರವು. ಭಾರತೀಯರ ಮಿದುಳು ಹೇಗೆ ಮಾಗುತ್ತದೆಂಬುದನ್ನು ಅರಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ೨೦೧೮ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ದೊಡ್ಡ ಅಧ್ಯಯನವನ್ನು ಆರಂಭಿಸಿತು. ನಲವತ್ತೈದು ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತ ಹೋಗುವುದು ಅದರ ಉದ್ದೇಶ. ಮಾವು, ರೇಷ್ಮೆಗಳ ಆ ಸೀಮೆಯ ರೈತ ಸ್ತ್ರೀಪುರುಷರು ತಮ್ಮ ನೆನಪು, ರಕ್ತ, ಮನಸ್ಥಿತಿಗಳ ಲೆಕ್ಕವನ್ನು ಒಪ್ಪಿಸಿ ಮುಂದಿನ ಪೀಳಿಗೆಗೆ ಉಪಕಾರ ಮಾಡುತ್ತಿದ್ದಾರೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫–೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ವಯಸ್ಕರಲ್ಲಿ ಇಪ್ಪತ್ತು ಮಂದಿಗೆ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಖಿನ್ನತೆಯನ್ನು ಅನುಭವಿಸಿದ್ದರು. ಹೀಗೆ ನರಳುವವರಲ್ಲಿ ನೂರಕ್ಕೆ ಸುಮಾರು ಎಂಬತ್ತೈದು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಸೇಂಟ್ ಲೂಯಿ ನಗರದಲ್ಲಿ ಎಣಿಸಿದ ‘ಚಿಕಿತ್ಸೆಯಿಲ್ಲದ ದಿನಗಳು’ ಈ ದೇಶದಲ್ಲಿ ಎಷ್ಟು ಕೋಟಿಯಾದಾವು!

ಕೇಳುವವರಿಲ್ಲವೆಂಬ ಕೊರತೆ ಈಗ ಮೊದಲಿನಷ್ಟಿಲ್ಲ. ೨೦೨೨ರ ಅಕ್ಟೋಬರ್ ೧೦ರಂದು ಕೇಂದ್ರ ಸರಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೆನ್ನದೆ, ಹಣವಿಲ್ಲದೆ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಬದುಕು ಬೇಡವೆಂಬ ಮಾತು ಯಾರ ಬಾಯಿಂದ ಬಂದರೂ ಅದನ್ನು ಗದರಿಸಿ ಮುಚ್ಚದೆ, ಅವರನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರ ಬಳಿಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ.

ಜ್ವರ ಮೂರು ದಿನ ಬಿಡದಿದ್ದರೆ ವೈದ್ಯರ ಮನೆಗೆ ಹೋಗುವ ರೂಢಿ ಎಲ್ಲ ಕುಟುಂಬಗಳಲ್ಲಿಯೂ ಇದೆ. ಮನಸ್ಸಿಗೂ ಅಂತಹ ಗಡುವೊಂದು ಬೇಕು. ಅಮ್ಮನೋ, ಅಣ್ಣನೋ, ಕಾಲೇಜಿಗೆ ಹೋಗುವ ಮಗಳೋ ಮಂಕಾಗಿ ಕುಳಿತ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಿ ಗುರುತಿಸಿಕೊಂಡರೆ ಸಾಕು. ಎರಡು ವಾರ ಕಳೆದರೂ ಮಂಕು ಕವಿದೇ ಇದ್ದರೆ ಮೂರನೆಯ ವಾರಕ್ಕಾಗಿ ಕಾಯುವುದರಲ್ಲಿ ಅರ್ಥವಿಲ್ಲ.